ಲೆಕ್ಕದಲ್ಲಿ ಬಿಟ್ಟುಹೋದ ಉಸಿರು

ಮಂಗಳ ಗ್ರಹದಲ್ಲಿ ಒಬ್ಬಂಟಿಯಾಗಿ ಉಳಿದ ಗಗನಯಾತ್ರಿಯೊಬ್ಬ ಆಲೂಗಡ್ಡೆ ಬೆಳೆದು ಜೀವ ಉಳಿಸಿಕೊಳ್ಳುವ ಕಥೆಗೂ ಬೆಟ್ಟದ ಹಳ್ಳಿಗಳಿಗೂ ಏನು ಸಂಬಂಧ ಎಂಬ ಪ್ರಶ್ನೆ ಸಹಜವಾದುದು. ಪರಿಸರದ ಬಗ್ಗೆ ಕಾಳಜಿಯುಳ್ಳ ಅನೇಕರು ಇಂತಹ ಕಥೆಗಳನ್ನು ಪಟ್ಟಣದ ಹುಡುಗರ ಕಾಲಹರಣವೆಂದು ಬದಿಗೆ ಸರಿಸುತ್ತಾರೆ. ಇರುವ ಒಂದು ಭೂಮಿಯನ್ನೇ ಕಾಪಾಡಿಕೊಳ್ಳಲಾರದವರಿಗೆ ಮಂಗಳನ ಹಂಬಲವೇಕೆ ಎಂಬುದು ಅವರ ಆಕ್ಷೇಪ. ಇನ್ನೊಂದು ಕಡೆ, ಇದೇ ಕಥೆಗಳನ್ನು ಸಾಕ್ಷಿಯಾಗಿ ಮುಂದಿಟ್ಟುಕೊಂಡು, ಮನುಷ್ಯನ ಬುದ್ಧಿಗೆ ಬಗೆಹರಿಯದ ಸಮಸ್ಯೆಯೇ ಇಲ್ಲ, ಹೊಳೆ ಬತ್ತಿದರೆ ಯಂತ್ರ ನೀರು ಕೊಟ್ಟೀತು, ಭೂಮಿ ಕೆಟ್ಟರೆ ಬೇರೊಂದು ಗ್ರಹ ದೊರೆತೀತು ಎಂದು ಸಾರುವವರಿದ್ದಾರೆ. ಈ ಇಬ್ಬರೂ ಆ ಕಥೆಗಳನ್ನು ಸರಿಯಾಗಿ ಓದಿಲ್ಲ. ಹಾಗೆ ಓದಿದ್ದರೆ ಮೊದಲನೆಯವರು ಅವನ್ನು ತಮ್ಮ ಪುಸ್ತಕದ ಕಪಾಟಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಎರಡನೆಯವರು ಅವುಗಳ ಹೆಸರೆತ್ತಲು ಹಿಂಜರಿಯುತ್ತಿದ್ದರು.

ಅಮೆರಿಕದ ಆ್ಯಂಡಿ ವೀರ್ ಬರೆದ 'ದಿ ಮಾರ್ಷಿಯನ್' ಕಾದಂಬರಿಯನ್ನೇ ತೆಗೆದುಕೊಳ್ಳಬಹುದು. ವೀರ್ ಆಗ ವೃತ್ತಿಯಿಂದ ಕಂಪ್ಯೂಟರ್ ಪ್ರೋಗ್ರಾಮರ್ ಆಗಿದ್ದರು. ಕಾದಂಬರಿಯನ್ನು ಅವರು ತಮ್ಮ ಅಂತರ್ಜಾಲ ತಾಣದಲ್ಲಿ ಅಧ್ಯಾಯ ಅಧ್ಯಾಯವಾಗಿ ಪ್ರಕಟಿಸುತ್ತ ಹೋದರು. 2011ರಲ್ಲಿ ಸ್ವಂತವಾಗಿ ಪುಸ್ತಕವಾಗಿಸಿದರು. 2014ರಲ್ಲಿ ದೊಡ್ಡ ಪ್ರಕಾಶನ ಸಂಸ್ಥೆಯೊಂದು ಅದನ್ನು ಮುದ್ರಿಸಿತು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಇಸ್ರೋದ ಮಂಗಳಯಾನ ನೌಕೆ ಮಂಗಳನ ಕಕ್ಷೆ ಸೇರಿದ್ದೂ ಅದೇ ವರ್ಷ. 2015ರಲ್ಲಿ ರಿಡ್ಲಿ ಸ್ಕಾಟ್ ನಿರ್ದೇಶನದಲ್ಲಿ ಚಲನಚಿತ್ರವೂ ಬಂದಿತು. ಕಥೆಯ ನಾಯಕ ಮಾರ್ಕ್ ವಾಟ್ನಿ ಸಸ್ಯಶಾಸ್ತ್ರಜ್ಞ, ಜೊತೆಗೆ ಯಂತ್ರಗಳನ್ನು ಬಲ್ಲ ಎಂಜಿನಿಯರ್. ಬಿರುಗಾಳಿಗೆ ಸಿಕ್ಕಿ ಸತ್ತನೆಂದು ಭಾವಿಸಿ ಸಂಗಾತಿಗಳು ಅವನನ್ನು ಬಿಟ್ಟು ಹೊರಟುಹೋಗುತ್ತಾರೆ. ಮುಂದಿನ ತಂಡ ಬರಲು ವರ್ಷಗಳೇ ಬೇಕು. ಉಳಿದಿರುವುದು ಆರು ಮಂದಿಯ ಕೆಲವು ವಾರಗಳ ಆಹಾರ, ಒಂದು ಗುಡಾರದಂತಹ ವಸತಿ, ಒಂದಿಷ್ಟು ಯಂತ್ರಗಳು, ಹಬ್ಬದ ಊಟಕ್ಕೆಂದು ತಂದಿಟ್ಟ ಕೆಲವು ಹಸಿ ಆಲೂಗಡ್ಡೆ.

ರುಚಿ ಇರುವುದು ಲೆಕ್ಕದಲ್ಲಿ

ಇಲ್ಲಿಂದ ಮುಂದೆ ಕಥೆಯಲ್ಲಿ ಖಳನಾಯಕನಿಲ್ಲ, ಯುದ್ಧವಿಲ್ಲ, ಪ್ರೇಮವೂ ಇಲ್ಲವೆನ್ನುವಷ್ಟು ಕಡಿಮೆ. ಪುಟಗಟ್ಟಲೆ ಇರುವುದು ಲೆಕ್ಕ. ದಿನಕ್ಕೆ ದೇಹಕ್ಕೆ ಎಷ್ಟು ಕ್ಯಾಲೊರಿ ಬೇಕು? ಅಷ್ಟು ಆಲೂಗಡ್ಡೆಗೆ ಎಷ್ಟು ಚದರ ಮೀಟರ್ ಮಣ್ಣು ಬೇಕು? ಅಷ್ಟು ಮಣ್ಣಿಗೆ ಎಷ್ಟು ಲೀಟರ್ ನೀರು? ಆ ನೀರಿಗೆ ಜಲಜನಕ ಎಲ್ಲಿಂದ? ಒಂದು ಪ್ರಶ್ನೆಯ ಉತ್ತರವೇ ಮುಂದಿನ ಪ್ರಶ್ನೆಯಾಗುತ್ತದೆ. ಆದರೂ ಲಕ್ಷಾಂತರ ಓದುಗರು ಪುಸ್ತಕವನ್ನು ಕೆಳಗಿಡಲಾರದೆ ಓದಿದರು.

ಇದರ ಕಾರಣ ಬೆಟ್ಟದ ಮನೆಗಳಿಗೆ ಬೇಗ ತಿಳಿಯುತ್ತದೆ. ಮೃಗಶಿರಾ ಮಳೆ ಹಿಡಿಯುವ ಮುನ್ನ ಕಟ್ಟಿಗೆ ಎಷ್ಟು, ಅಕ್ಕಿ ಎಷ್ಟು, ಉಪ್ಪು ಎಷ್ಟು, ದನಗಳಿಗೆ ಒಣಹುಲ್ಲು ಎಷ್ಟು ಎಂದು ಎಣಿಸಿ ಒಳಗಿಟ್ಟ ಅಜ್ಜಿಯರ ಮುಂದೆ ವಾಟ್ನಿಯ ಲೆಕ್ಕ ಅಪರಿಚಿತವೇನಲ್ಲ. ಸಂಕ ಕೊಚ್ಚಿಹೋಗಿ ಪೇಟೆಯ ದಾರಿ ಮುಚ್ಚಿದ ಮೇಲೆ ಮನೆಯೊಳಗೆ ಇರುವುದಷ್ಟೇ ಇರುವುದು. ಹಾಗೆಯೇ ಆಲೂಗಡ್ಡೆಯ ಪ್ರತಿ ಹೋಳಿನಲ್ಲೂ ಕಣ್ಣು ಉಳಿಯುವಂತೆ ನೋಡಿ ಕತ್ತರಿಸಿ ನೆಡುವ ವಾಟ್ನಿಯ ಕೈಕೆಲಸ ಹಾಸನದ ಆಲೂಗಡ್ಡೆ ಬೆಳೆಗಾರನಿಗೆ ತನ್ನದೇ ಎನಿಸೀತು. ಮಂಗಳನ ನಿರ್ಜೀವ ಧೂಳಿಗೆ ಭೂಮಿಯಿಂದ ತಂದ ಒಂದಿಷ್ಟು ಮಣ್ಣನ್ನೂ ತನ್ನದೇ ಮಲವನ್ನೂ ಬೆರೆಸಿ, ಅದರೊಳಗಿನ ಸೂಕ್ಷ್ಮಜೀವಿಗಳು ಹರಡುವ ತನಕ ಅವನು ಕಾಯುತ್ತಾನೆ. ಹಾಲಿಗೆ ಹೆಪ್ಪು ಹಾಕಿ ರಾತ್ರಿಯೆಲ್ಲ ಕಾಯುವ ಕ್ರಮವೇ ಇದು. ಮಣ್ಣು ಬರಿಯ ಪುಡಿಯಲ್ಲ, ಜೀವವಿರುವ ವಸ್ತು ಎಂಬ ಮಾತನ್ನು ಇಷ್ಟು ಸರಳವಾಗಿ ವಿದ್ಯಾರ್ಥಿಗಳಿಗೆ ತಿಳಿಸುವ ಪಠ್ಯಪುಸ್ತಕಗಳು ಅಪರೂಪ.

ಇಂತಹ ಕಥೆಗಳ ಆಕರ್ಷಣೆಯ ಮೊದಲ ಗುಟ್ಟು ಇದು. ಅಲ್ಲಿ ಮಾತಿನ ಚಮತ್ಕಾರ ನಡೆಯುವುದಿಲ್ಲ. ಮಂತ್ರಿಯ ಶಿಫಾರಸು, ಹಣದ ಬಲ, ಕುಲದ ಹೆಸರು ಯಾವುದೂ ಆಮ್ಲಜನಕದ ಪ್ರಮಾಣವನ್ನು ಒಂದು ಗುಲಗಂಜಿಯಷ್ಟೂ ಹೆಚ್ಚಿಸಲಾರವು. ದಿನಬೆಳಗಾದರೆ ಲೆಕ್ಕ ತಪ್ಪಿಸುವವರನ್ನೇ ಕಾಣುವ ಓದುಗನಿಗೆ, ಲೆಕ್ಕ ತಪ್ಪಿಸಲಾಗದ ಒಂದು ಜಗತ್ತನ್ನು ನೋಡುವುದೇ ಸಮಾಧಾನ. ಎರಡನೆಯ ಗುಟ್ಟು, ಆ ಜಗತ್ತಿನಲ್ಲಿ ತಿಳಿವಳಿಕೆಗೆ ಬೆಲೆಯಿದೆ. ನಾಯಕ ಗೆಲ್ಲುವುದು ತೋಳ್ಬಲದಿಂದಲ್ಲ, ಶಾಲೆಯಲ್ಲಿ ಕಲಿತ ರಸಾಯನಶಾಸ್ತ್ರದಿಂದ. ಓದುಗನೂ ಅವನ ಜೊತೆ ಕುಳಿತು ಗುಣಿಸಬಹುದು, ತಪ್ಪಿದ್ದರೆ ಹಿಡಿಯಬಹುದು. ವೀರ್ ಅವರ ಮೊದಲ ಓದುಗರು ಮಾಡಿದ್ದೂ ಅದನ್ನೇ. ರಸಾಯನಶಾಸ್ತ್ರ ಬಲ್ಲವರು ಅಧ್ಯಾಯಗಳಲ್ಲಿನ ತಪ್ಪುಗಳನ್ನು ಬರೆದು ತಿಳಿಸಿದರು, ಲೇಖಕರು ತಿದ್ದಿಕೊಂಡರು.

ಆದರೆ ಈ ಕಥೆಯ ಅತ್ಯಂತ ಬೆಲೆಯುಳ್ಳ ಪ್ರಸಂಗ ಗೆಲುವಿನದಲ್ಲ. ವಾಟ್ನಿ ಉಳಿದ ಇಂಧನವಾದ ಹೈಡ್ರಜೀನನ್ನು ಒಡೆದು ಜಲಜನಕ ಪಡೆದು, ಅದನ್ನು ಉರಿಸಿ ನೀರು ಮಾಡುತ್ತಾನೆ. ಉರಿಯದೆ ಉಳಿದ ಜಲಜನಕ ಗುಡಾರದಲ್ಲಿ ತುಂಬಿಕೊಳ್ಳುತ್ತದೆ. ಅದನ್ನು ಅಪಾಯವಿಲ್ಲದೆ ಉರಿಸಲು, ಒಳಗಿನ ಗಾಳಿಯಿಂದ ಆಮ್ಲಜನಕವನ್ನು ತೆಗೆದು, ಮುಖವಾಡದ ಮೂಲಕ ಉಸಿರಾಡುತ್ತ ಕೆಲಸಕ್ಕೆ ಇಳಿಯುತ್ತಾನೆ. ಲೆಕ್ಕವೆಲ್ಲ ಸರಿ. ಆದರೂ ಸ್ಫೋಟವಾಗುತ್ತದೆ. ಏಕೆಂದರೆ ಮನುಷ್ಯ ಹೊರಬಿಡುವ ಉಸಿರಿನಲ್ಲಿಯೂ ಬಳಕೆಯಾಗದ ಆಮ್ಲಜನಕ ಇರುತ್ತದೆ. ತನ್ನ ಉಸಿರನ್ನೇ ಅವನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಎಲ್ಲವನ್ನೂ ಎಣಿಸಿದವನು ತನ್ನನ್ನು ಎಣಿಸಲು ಮರೆತ. ಸಮಸ್ಯೆ ಪರಿಹರಿಸುವವನೂ ಸಮಸ್ಯೆಯ ಒಂದು ಭಾಗವೇ ಎಂಬುದನ್ನು ಹೇಳುವ ಈ ಪ್ರಸಂಗವನ್ನು, ತಂತ್ರಜ್ಞಾನದ ಜಯಘೋಷಕ್ಕಾಗಿ ಈ ಕಥೆಯನ್ನು ಬಳಸುವವರು ಎತ್ತಿಕೊಳ್ಳುವುದೇ ಇಲ್ಲ. ಬಾಹ್ಯಾಕಾಶ ಸಂಸ್ಥೆ ಅವನಿಗೆ ಆಹಾರ ಕಳಿಸಲು ಅವಸರದಿಂದ ಸಿದ್ಧಪಡಿಸುವ ನೌಕೆಯ ಗತಿಯನ್ನೂ ಅವರು ಎತ್ತುವುದಿಲ್ಲ. ದಿನ ಉಳಿಸಲೆಂದು ತಪಾಸಣೆಯನ್ನು ಕೈಬಿಡುತ್ತಾರೆ. ನೌಕೆ ಉಡಾವಣೆಯಲ್ಲಿಯೇ ನಾಶವಾಗುತ್ತದೆ. ತುರ್ತಿನ ಹೆಸರಿನಲ್ಲಿ ತಪಾಸಣೆ ಬಿಟ್ಟದ್ದಕ್ಕೆ ಕಥೆ ಬೆಲೆ ತೆರಿಸುತ್ತದೆ. ವಾಸ್ತವದ ಕಥೆ ಎಂಬ ಹೆಸರು ಅದಕ್ಕೆ ಸಲ್ಲುವುದು ಇಂತಹ ಪುಟಗಳಿಂದ.

ಪ್ರಕೃತಿಯ ಹೆಸರಿನಲ್ಲಿ ಮನುಷ್ಯನ ತೀರ್ಪು

ಲೆಕ್ಕವಿರುವ ಕಥೆಯೆಲ್ಲವೂ ಪ್ರಾಮಾಣಿಕವೆಂದು ಇದರ ಅರ್ಥವಲ್ಲ. 1954ರಲ್ಲಿ ಟಾಮ್ ಗಾಡ್ವಿನ್ ಬರೆದ 'ದಿ ಕೋಲ್ಡ್ ಈಕ್ವೇಷನ್ಸ್' ಎಂಬ ಸಣ್ಣಕಥೆ ಇದಕ್ಕೆ ಪ್ರಸಿದ್ಧ ಉದಾಹರಣೆ. ದೂರದ ಗ್ರಹವೊಂದರಲ್ಲಿ ಕಾಯಿಲೆ ಬಿದ್ದವರಿಗೆ ಔಷಧ ಒಯ್ಯುವ ಪುಟ್ಟ ನೌಕೆ ಅದು. ಒಬ್ಬ ಚಾಲಕನಿಗೆ ಸರಿಯಾಗಿ ಸಾಲುವಷ್ಟೇ ಇಂಧನ. ಅಣ್ಣನನ್ನು ನೋಡುವ ಆಸೆಯಿಂದ ಹದಿನೆಂಟರ ಹುಡುಗಿಯೊಬ್ಬಳು ಅದರಲ್ಲಿ ಅಡಗಿ ಕುಳಿತಿರುತ್ತಾಳೆ. ಸಿಕ್ಕಿಬಿದ್ದರೆ ದಂಡ ಕಟ್ಟಿದರಾಯಿತು ಎಂಬುದು ಅವಳ ಎಣಿಕೆ. ಅವಳ ತೂಕಕ್ಕೆ ಇಂಧನ ಸಾಲದು. ಅವಳು ನೌಕೆಯಲ್ಲಿದ್ದರೆ ಎಲ್ಲರೂ ಸಾಯುತ್ತಾರೆ. ಕೊನೆಗೆ ಅವಳನ್ನು ಹೊರದೂಡಲಾಗುತ್ತದೆ. ಯಾರದೂ ತಪ್ಪಲ್ಲ, ಭೌತಶಾಸ್ತ್ರದ ಸಮೀಕರಣಕ್ಕೆ ಕರುಣೆಯಿಲ್ಲ ಎಂದು ಕಥೆ ಓದುಗನನ್ನು ನಂಬಿಸುತ್ತದೆ. ಲೇಖಕ ಹುಡುಗಿಯನ್ನು ಬದುಕಿಸುವ ದಾರಿಗಳನ್ನು ಹುಡುಕುತ್ತಲೇ ಇದ್ದನೆಂದೂ, ಸಂಪಾದಕ ಜಾನ್ ಕ್ಯಾಂಪ್‌ಬೆಲ್ ಅದನ್ನು ಹಲವು ಬಾರಿ ಹಿಂದಿರುಗಿಸಿ ಅವಳು ಸಾಯುವಂತೆ ಬರೆಸಿದನೆಂದೂ ವೈಜ್ಞಾನಿಕ ಕಥಾಸಾಹಿತ್ಯದ ಚರಿತ್ರೆಯಲ್ಲಿ ದಾಖಲಾಗಿದೆ.

ಅನೇಕ ವಿಮರ್ಶಕರು ಈ ಕಥೆಯ ಬೆನ್ನು ಹತ್ತಿ ಕೇಳಿದ ಪ್ರಶ್ನೆಗಳು ಸರಳವಾಗಿವೆ. ಅಷ್ಟು ಅಪಾಯದ ನೌಕೆಯ ಬಾಗಿಲಿಗೆ ಬೀಗವೇಕಿರಲಿಲ್ಲ? ಹೊರಡುವ ಮುನ್ನ ಒಳಗೆ ಯಾರಾದರೂ ಇದ್ದಾರೆಯೇ ಎಂದು ನೋಡಲಿಲ್ಲವೇಕೆ? ಎಚ್ಚರಿಕೆಯ ಫಲಕದಲ್ಲಿ, ಒಳಬಂದವರು ಸಾಯುತ್ತಾರೆ ಎಂದು ಬರೆಯಲಿಲ್ಲವೇಕೆ? ಒಂದು ಹನಿಯೂ ಹೆಚ್ಚಿಲ್ಲದಂತೆ ಇಂಧನ ತುಂಬಿದವರು ಯಾರು? ಇವು ಯಾವುವೂ ಭೌತಶಾಸ್ತ್ರದ ನಿಯಮಗಳಲ್ಲ. ಯಾರೋ ಕಚೇರಿಯಲ್ಲಿ ಕುಳಿತು ಮಾಡಿದ ತೀರ್ಮಾನಗಳು. ಉಳಿತಾಯ ಅವರದು, ಸಾವು ಹುಡುಗಿಯದು, ಅಪವಾದ ಮಾತ್ರ ಪ್ರಕೃತಿಯ ತಲೆಗೆ. ಸಮೀಕರಣ ಸರಿಯಾಗಿಯೇ ಇದೆ. ಆದರೆ ಅದನ್ನು ಬರೆಯುವ ಮುಂಚೆ ಏನೇನನ್ನು ಬಿಡಬೇಕೆಂದು ಯಾರು ನಿರ್ಧರಿಸಿದರು ಎಂಬುದನ್ನು ಕಥೆ ಮುಚ್ಚಿಡುತ್ತದೆ.

ಬೆಟ್ಟದ ಊರುಗಳಿಗೆ ಇಂತಹ ಸಮೀಕರಣಗಳು ಹೊಸತಲ್ಲ. ನಾಡಿಗೆ ಇಷ್ಟು ವಿದ್ಯುತ್ತು ಬೇಕು, ಆದುದರಿಂದ ಇಷ್ಟು ಕಣಿವೆ ಮುಳುಗಲೇಬೇಕು ಎಂದು ಹೇಳುವ ಕಡತಗಳೂ ತಣ್ಣನೆಯ ಅಂಕಿಗಳಲ್ಲಿಯೇ ಮಾತನಾಡುತ್ತವೆ. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ನಿಂತಾಗ ವಿದ್ಯುತ್ತಿನ ಪ್ರಮಾಣಕ್ಕೆ ಲೆಕ್ಕವಿತ್ತು. ಮನೆ, ಗದ್ದೆ ಮುಳುಗಿ ಎದ್ದುಹೋದವರ ಜಮೀನಿನ ಹಕ್ಕು ಮಾತ್ರ ದಶಕಗಳ ತನಕ ಇತ್ಯರ್ಥವಾಗದೆ ಉಳಿಯಿತು. ಲೆಕ್ಕ ಹಾಕುವುದನ್ನು ವಿರೋಧಿಸಿ ಇಂತಹ ಕಡತಗಳನ್ನು ಗೆಲ್ಲಲಾಗದು. ಇನ್ನೂ ಪೂರ್ಣವಾದ ಲೆಕ್ಕವನ್ನು ಕೇಳಿಯೇ ಅವನ್ನು ಎದುರಿಸಬೇಕು. ಹಾಗೆ ಕೇಳುವ ಅಭ್ಯಾಸವನ್ನು ಒಳ್ಳೆಯ ಬಾಹ್ಯಾಕಾಶದ ಕಥೆ ಕಲಿಸಬಲ್ಲುದು, ಕೆಟ್ಟದ್ದು ಮರೆಸಬಲ್ಲುದು.

ಅಪೊಲೊ 13ರ ಎರಡು ಕಥೆಗಳು

ಈ ವ್ಯತ್ಯಾಸವನ್ನು ನಿಜವಾಗಿ ನಡೆದ ಒಂದು ಘಟನೆಯಲ್ಲಿ ಇನ್ನಷ್ಟು ಸ್ಪಷ್ಟವಾಗಿ ಕಾಣಬಹುದು. 1970ರ ಏಪ್ರಿಲ್ 11ರಂದು ಜಿಮ್ ಲವೆಲ್, ಜ್ಯಾಕ್ ಸ್ವಿಗರ್ಟ್, ಫ್ರೆಡ್ ಹೇಸ್ ಎಂಬ ಮೂವರನ್ನು ಹೊತ್ತು ಅಪೊಲೊ 13 ಚಂದ್ರನತ್ತ ಹೊರಟಿತು. ಸುಮಾರು 56 ಗಂಟೆಗಳ ನಂತರ, ಭೂಮಿಯಿಂದ 3 ಲಕ್ಷ ಕಿಲೋಮೀಟರಿಗೂ ದೂರದಲ್ಲಿ, ಅದರ ಆಮ್ಲಜನಕದ ತೊಟ್ಟಿಯೊಂದು ಸ್ಫೋಟಿಸಿತು. ಮುಖ್ಯ ನೌಕೆಯ ವಿದ್ಯುತ್ತು, ನೀರು, ಗಾಳಿ ಎಲ್ಲಕ್ಕೂ ಕುತ್ತು ಬಂದಿತು. ಮೂವರೂ ಚಂದ್ರನ ಮೇಲಿಳಿಯಲೆಂದು ಒಯ್ದಿದ್ದ ಪುಟ್ಟ ನೌಕೆಯನ್ನು ಹೊಕ್ಕರು. ಇಬ್ಬರಿಗೆ ಸುಮಾರು ಎರಡು ದಿನಕ್ಕೆಂದು ಮಾಡಿದ್ದ ಆ ನೌಕೆ ಮೂವರನ್ನು ಸುಮಾರು ನಾಲ್ಕು ದಿನ ಉಳಿಸಬೇಕಾಯಿತು. ವಿದ್ಯುತ್ತು ಉಳಿಸಲು ಯಂತ್ರಗಳನ್ನು ಆರಿಸಿದರು. ಒಳಗೆ ಚಳಿ ಕೊರೆಯತೊಡಗಿತು. ಕುಡಿಯುವ ನೀರನ್ನು ದಿನಕ್ಕೆ ಒಬ್ಬರಿಗೆ ಒಂದು ಲೋಟದಷ್ಟಕ್ಕೆ ಇಳಿಸಿಕೊಂಡರು.

ಅದಕ್ಕಿಂತ ದೊಡ್ಡ ಅಪಾಯ ಅವರ ಉಸಿರಿನಿಂದಲೇ ಬಂದಿತು. ಹೊರಬಿಟ್ಟ ಇಂಗಾಲದ ಡೈಆಕ್ಸೈಡನ್ನು ಹೀರುವ ಲಿಥಿಯಂ ಹೈಡ್ರಾಕ್ಸೈಡ್ ಡಬ್ಬಿಗಳು ಪುಟ್ಟ ನೌಕೆಯಲ್ಲಿ ಸಾಲದಾದವು. ಮುಖ್ಯ ನೌಕೆಯ ಡಬ್ಬಿಗಳು ಬೇಕಾದಷ್ಟಿದ್ದವು. ಆದರೆ ಅವು ಚೌಕ, ಇಲ್ಲಿನ ಕಂಡಿ ದುಂಡು. ಪ್ಲಾಸ್ಟಿಕ್ ಚೀಲ, ರಟ್ಟು, ಉಡುಪಿನ ಕೊಳವೆ, ಅಂಟುಪಟ್ಟಿ ಮೊದಲಾಗಿ ನೌಕೆಯಲ್ಲಿ ಇದ್ದ ವಸ್ತುಗಳನ್ನೇ ಬಳಸಿ ಭೂಮಿಯ ಮೇಲಿನ ಎಂಜಿನಿಯರುಗಳು ಒಂದು ಜೋಡಣೆಯನ್ನು ರೂಪಿಸಿದರು. ಅದನ್ನು ರೇಡಿಯೊದಲ್ಲಿ ಹಂತ ಹಂತವಾಗಿ ಓದಿ ಹೇಳಿದರು. ಯಾತ್ರಿಗಳು ಕೇಳುತ್ತ ಕಟ್ಟಿದರು. ಗಾಳಿ ಶುದ್ಧವಾಯಿತು. ಏಪ್ರಿಲ್ 17ರಂದು ಮೂವರೂ ಜೀವಸಹಿತ ಸಮುದ್ರಕ್ಕಿಳಿದರು. 1995ರಲ್ಲಿ ಬಂದ ಚಲನಚಿತ್ರದಲ್ಲಿ ಪ್ರೇಕ್ಷಕರು ಮರೆಯದೆ ನೆನೆಯುವ ದೃಶ್ಯಗಳಲ್ಲಿ ಈ ಡಬ್ಬಿಯದೂ ಒಂದು.

ಇದು ಮೊದಲ ಕಥೆ. ಹೆಮ್ಮೆಪಡಬೇಕಾದ ಕಥೆಯೇ. ಆದರೆ ಸ್ಫೋಟದಿಂದ ಆರಂಭವಾಗುವ ಕಥೆ ಅರ್ಧ ಕಥೆ. ಅದೇ ವರ್ಷದ ಜೂನ್‌ನಲ್ಲಿ ತನಿಖಾ ಮಂಡಳಿ ಹೊರತಂದ ವರದಿಯಲ್ಲಿ ಎರಡನೆಯ ಕಥೆ ಇದೆ. ತೊಟ್ಟಿಯೊಳಗಿನ ಶಾಖನಿಯಂತ್ರಕ ಸ್ವಿಚ್ಚುಗಳನ್ನು 28 ವೋಲ್ಟಿಗೆ ತಕ್ಕಂತೆ ಮಾಡಲಾಗಿತ್ತು. ಮುಂದೆ ಉಡಾವಣಾ ನೆಲೆಯಲ್ಲಿ 65 ವೋಲ್ಟ್ ಕೊಡುವುದೆಂದು ತೀರ್ಮಾನವಾಯಿತು. ಸ್ವಿಚ್ಚುಗಳನ್ನು ಮಾತ್ರ ಬದಲಿಸಲಿಲ್ಲ. ಆ ಲೋಪ ಹಲವು ಪರಿಶೀಲನೆಗಳ ಕಣ್ಣಿಗೆ ಬೀಳದೆ ದಾಟಿಹೋಯಿತು. 1968ರಲ್ಲಿ ಅದೇ ತೊಟ್ಟಿ ಕಾರ್ಖಾನೆಯಲ್ಲಿ ಸುಮಾರು ಎರಡು ಅಂಗುಲದಷ್ಟು ಜಾರಿ ಬಿದ್ದಿತ್ತು. 1970ರ ಮಾರ್ಚಿಯ ಪರೀಕ್ಷೆಯಲ್ಲಿ ತೊಟ್ಟಿಯಿಂದ ಆಮ್ಲಜನಕ ಸರಿಯಾಗಿ ಖಾಲಿಯಾಗದಿದ್ದಾಗ, ಒಳಗಿನ ಹೀಟರನ್ನು ಗಂಟೆಗಟ್ಟಲೆ ಉರಿಸಿ ಅದನ್ನು ಆವಿ ಮಾಡಿದರು. ಸ್ವಿಚ್ಚು ಬೆಸೆದುಹೋಯಿತು, ಶಾಖ ಏರುತ್ತಲೇ ಹೋಗಿ ತಂತಿಗಳ ಹೊದಿಕೆ ಸುಟ್ಟಿತು. ಕಾವಲಿದ್ದವನಿಗೆ ಇದು ಕಾಣಲಿಲ್ಲ. ಅವನ ಮುಂದಿದ್ದ ಮಾಪಕ 30 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿಯೇ ಕೊನೆಯಾಗುತ್ತಿತ್ತು. ಒಳಗಿನ ಶಾಖ 500 ಡಿಗ್ರಿಯ ಸುಮಾರಿಗೆ ಮುಟ್ಟಿದ್ದರೂ ಮುಳ್ಳು ಅಲ್ಲಿಯೇ ನಿಂತಿತ್ತು.

ಅಂಟುಪಟ್ಟಿಯ ಸಾಹಸವನ್ನು ಕೊಂಡಾಡುವ ಲಕ್ಷ ಜನರಲ್ಲಿ ಈ ಮುಳ್ಳಿನ ಕಥೆ ಬಲ್ಲವರು ಎಷ್ಟು ಮಂದಿ? ಚಲನಚಿತ್ರ ಕಾರಣವನ್ನು ಕೊನೆಯಲ್ಲಿ ಒಂದೆರಡು ಮಾತಿನಲ್ಲಿ ಮುಗಿಸಿಬಿಡುತ್ತದೆ. ಸಾಹಸ ನೋಡಲು ಚೆಂದ, ತಪಾಸಣೆ ಬೇಸರ. ಈ ಅಭಿರುಚಿಯಿಂದ ಲಾಭ ಪಡೆಯುವವರಿದ್ದಾರೆ. ಗುಡ್ಡ ಜರಿದ ಮೇಲೆ ಜೆಸಿಬಿ ಯಂತ್ರಗಳೊಡನೆ ಬಂದು ಮಣ್ಣು ಸರಿಸುವವರ ಭಾವಚಿತ್ರ ಪತ್ರಿಕೆಗಳಲ್ಲಿ ಅಚ್ಚಾಗುತ್ತದೆ. ಆ ಗುಡ್ಡದ ಬುಡವನ್ನು ನೆಟ್ಟಗೆ ಕಡಿಯಲು ಒಪ್ಪಿಗೆ ಕೊಟ್ಟ ಕಾಗದ ಎಲ್ಲಿಯೂ ಅಚ್ಚಾಗುವುದಿಲ್ಲ. ಅಪೊಲೊ 13ರ ನಂತರ ತೊಟ್ಟಿಯ ವಿನ್ಯಾಸವನ್ನೇ ಬದಲಿಸಿದರು, ಇನ್ನೊಂದು ತೊಟ್ಟಿಯನ್ನು ಸೇರಿಸಿದರು. ಮುಂದಿನ ಯಾತ್ರೆ 1971ರ ಜನವರಿಯ ತನಕ ಕಾಯಿತು. ಡಬ್ಬಿಯ ಜಾಣ್ಮೆಗಿಂತ ಈ ಕಾಯುವಿಕೆ ದೊಡ್ಡ ಪಾಠ.

ಗಾಜಿನ ಮನೆಯ ಎಚ್ಚರಿಕೆ

ಇನ್ನು ಭೂಮಿ ಕೆಟ್ಟರೆ ಬೇರೆಡೆ ನೆಲೆಸಬಹುದೆಂಬ ಭ್ರಮೆಯ ಮಾತು. ಅಮೆರಿಕದ ಅರಿಜೋನಾದಲ್ಲಿ 'ಬಯೋಸ್ಫಿಯರ್ 2' ಎಂಬ ಭಾರಿ ಗಾಜಿನ ಕಟ್ಟಡವನ್ನು ಕಟ್ಟಿ, ಅದರೊಳಗೆ ಮಳೆಕಾಡು, ಪುಟ್ಟ ಕಡಲು, ಹೊಲ ಎಲ್ಲವನ್ನೂ ಇಟ್ಟು, 1991ರ ಸೆಪ್ಟೆಂಬರಿನಿಂದ ಎರಡು ವರ್ಷ ಎಂಟು ಮಂದಿ ಒಳಗಿದ್ದರು. ಹೊರಗಿನ ಗಾಳಿಯಲ್ಲಿ ಆಮ್ಲಜನಕ ಶೇಕಡಾ 21ರ ಸಮೀಪ. ಒಳಗೆ ಅದು ಇಳಿಯುತ್ತ ಶೇಕಡಾ 15ಕ್ಕಿಂತ ಕೆಳಗೆ ಬಂದಿತು. 1993ರಲ್ಲಿ ಹೊರಗಿನಿಂದ ಆಮ್ಲಜನಕ ತುಂಬಬೇಕಾಯಿತು. ಸಾವಯವ ಅಂಶ ತುಂಬಿದ ಹೊಲದ ಮಣ್ಣಿನ ಸೂಕ್ಷ್ಮಜೀವಿಗಳು ಆಮ್ಲಜನಕವನ್ನು ಬಳಸುತ್ತಿದ್ದವು. ಅವು ಬಿಟ್ಟ ಇಂಗಾಲದ ಡೈಆಕ್ಸೈಡು ಗಿಡಗಳಿಗೆ ದಕ್ಕಿ ಮತ್ತೆ ಆಮ್ಲಜನಕವಾಗುವ ಬದಲು, ಅದರಲ್ಲೊಂದು ಪಾಲು ಕಟ್ಟಡದ ಕಾಂಕ್ರೀಟಿನೊಳಗೆ ಸುಣ್ಣಕಲ್ಲಾಗಿ ಸೇರಿಹೋಗುತ್ತಿತ್ತು. ಜೀವಿಗಳನ್ನು ಎಣಿಸಿದವರು ಗೋಡೆಯನ್ನು ಎಣಿಸಿರಲಿಲ್ಲ.

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಬೆವರು, ಉಸಿರಿನ ತೇವ, ಮೂತ್ರ ಇವೆಲ್ಲವನ್ನೂ ಶುದ್ಧೀಕರಿಸಿ ಶೇಕಡಾ 98ರಷ್ಟು ನೀರನ್ನು ಮರಳಿ ಪಡೆದಿರುವುದಾಗಿ ನಾಸಾ 2023ರಲ್ಲಿ ಪ್ರಕಟಿಸಿತು. ಅಪಾರ ಹಣ, ದಶಕಗಳ ದುಡಿಮೆಯ ಫಲವಿದು. ಆದರೂ ಅಲ್ಲಿನ ಊಟ ಭೂಮಿಯಿಂದಲೇ ಹೋಗುತ್ತದೆ. ವಾಟ್ನಿಯ ಆಲೂಗಡ್ಡೆಯ ಹೊಲದ ಬಗ್ಗೆಯೂ ಹೀಗೊಂದು ತಿದ್ದುಪಡಿ ಉಂಟು. ಮಂಗಳನ ಮಣ್ಣಿನಲ್ಲಿ ಪರ್ಕ್ಲೋರೇಟ್ ಎಂಬ ಹಾನಿಕಾರಕ ಲವಣವಿದೆಯೆಂದು 2008ರಲ್ಲಿ ಫೀನಿಕ್ಸ್ ನೌಕೆ ಕಂಡುಹಿಡಿಯಿತು. ಕಾದಂಬರಿಯ ಲೆಕ್ಕದಲ್ಲಿ ಅದಿಲ್ಲ. ಮಂಗಳನ ಗಾಳಿಯ ಒತ್ತಡ ಭೂಮಿಯದರ ನೂರರಲ್ಲಿ ಒಂದರಷ್ಟೂ ಇಲ್ಲದ ಕಾರಣ, ಕಥೆಯ ಆರಂಭದ ಬಿರುಗಾಳಿಗೆ ಅಂತಹ ಬಲವಿರಲಾರದೆಂದು ಲೇಖಕರೇ ಒಪ್ಪಿಕೊಂಡಿದ್ದಾರೆ. ತಪ್ಪನ್ನು ಒಪ್ಪಿಕೊಳ್ಳುವುದೂ ಇಂತಹ ಬರವಣಿಗೆಯ ಮರ್ಯಾದೆಯ ಒಂದು ಅಂಗ. ಯೋಜನಾ ವರದಿಗಳನ್ನು ಬರೆಯುವವರಲ್ಲಿ ಆ ಮರ್ಯಾದೆಯನ್ನು ನಿರೀಕ್ಷಿಸುವುದು ಅತಿಯಾಸೆಯೇ?

ಆದುದರಿಂದ ವಿದ್ಯಾರ್ಥಿಗಳು ಈ ಕಥೆಗಳನ್ನು ಓದಲಿ, ಚಲನಚಿತ್ರಗಳನ್ನು ನೋಡಲಿ. ಪೆನ್ಸಿಲು ಹಿಡಿದು ನಾಯಕನ ಜೊತೆ ಗುಣಿಸಲಿ. ಆದರೆ ಕಥೆ ಮುಗಿದ ಮೇಲೆ ಮೂರು ಪ್ರಶ್ನೆ ಕೇಳಲಿ. ಈ ಸಮಸ್ಯೆ ಹುಟ್ಟಿದ್ದು ಯಾರ ತೀರ್ಮಾನದಿಂದ? ಮಾಪಕದ ಮುಳ್ಳು ಎಲ್ಲಿಗೆ ನಿಲ್ಲುತ್ತದೆ, ಅದರಾಚೆ ಏನು ಕಾಣದೆ ಉಳಿದಿದೆ? ಯಾವ ತಪಾಸಣೆಯನ್ನು ತುರ್ತಿನ ನೆವದಲ್ಲಿ ಬಿಡಲಾಗಿದೆ? ಈ ಮೂರನ್ನು ಕೇಳಲು ಕಲಿತ ಹುಡುಗಿಯೊಬ್ಬಳು ನಾಳೆ ಊರಿನ ಗ್ರಾಮಸಭೆಯಲ್ಲಿ ಯೋಜನಾ ವರದಿಯ ಪುಟ ತಿರುವುವಾಗ, ಅಂಕಿಗಳ ಮುಂದೆ ತಲೆತಗ್ಗಿಸಿ ಕೂರುವುದಿಲ್ಲ. ಹೊಳೆ, ಮಣ್ಣು, ಎದ್ದುಹೋಗಬೇಕಾದ ಮನೆಗಳು ಆ ಲೆಕ್ಕದ ಯಾವ ಪುಟದಲ್ಲಿವೆ ಎಂದು ಎದ್ದು ನಿಂತು ಕೇಳುತ್ತಾಳೆ. ಆ ಪ್ರಶ್ನೆಗೆ ಉತ್ತರ ಬರುವವರೆಗೆ ಸಭೆಯ ನಡಾವಳಿಗೆ ಯಾರೂ ಸಹಿ ಹಾಕಬೇಕಾಗಿಲ್ಲ.